ಕೊರಳಪಟ್ಟಿಯ ಬಾತು

ಕೆರೆ ನೋಡಲು ಬಂದವರು ಕೆರೆಯನ್ನು ನೋಡಬೇಕು. ಇವಳೇಕೆ ನಮ್ಮ ಮನೆಯನ್ನು ನೋಡುತ್ತಿದ್ದಾಳೆ?

ಸಣ್ಣತಾಯಮ್ಮ ಹಾಲಿನ ಕ್ಯಾನು ತೊಳೆಯುವುದನ್ನು ನಿಲ್ಲಿಸಿ, ಬಗ್ಗಿದಲ್ಲಿಂದಲೇ ಏರಿಯ ಕಡೆ ಕಣ್ಣು ಹಾಯಿಸಿದಳು. ಟೋಪಿ ಹಾಕಿದ್ದ ಹೆಂಗಸು ದುರ್ಬೀನನ್ನು ಕೆರೆಯಿಂದ ತಿರುಗಿಸಿ ಅವರ ಹಟ್ಟಿಯ ಕಡೆ ಹಿಡಿದಿದ್ದಳು. ಹುಲ್ಲಿನ ಮೆದೆ, ಕೊಟ್ಟಿಗೆ, ಹಿತ್ತಿಲು, ಮತ್ತೆ ಮೆದೆ. ನಡುನಡುವೆ ಕೈಯಲ್ಲಿನ ಫೋನು ನೋಡಿಕೊಳ್ಳುವುದು. ಸಣ್ಣತಾಯಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ದುರ್ಬೀನು ಥಟ್ಟನೆ ಕೆರೆಗೆ ತಿರುಗಿತು.

ನಂಜನಗೂಡಿನಲ್ಲಿ ಹುಲ್ಲಹಳ್ಳಿ ಬಸ್ಸು ಹತ್ತಿದರೆ ಅರ್ಧ ಗಂಟೆಗೆ ಮಾಳಿಗೆರೆ ಸಿಗುತ್ತದೆ. ಎರಡು ವರ್ಷದಿಂದ ಈಚೆಗೆ ಚಳಿಗಾಲದ ಭಾನುವಾರ ಬಂತೆಂದರೆ ಆ ಊರಿನ ಕೆರೆ ಏರಿಯ ಮೇಲೆ ಕಾರುಗಳು ಸಾಲುಗಟ್ಟುತ್ತಿದ್ದವು. ಮೈಸೂರಿನವರು, ಬೆಂಗಳೂರಿನವರು, ಬಿಗಿ ಚಡ್ಡಿ ತೊಟ್ಟು ಸೈಕಲ್ಲಿನಲ್ಲಿ ಬರುವವರು, ಚಾಪೆ ಹಾಸಿ ತಿಂಡಿ ಡಬ್ಬಿ ಬಿಚ್ಚುವವರು, ಮೊಳದುದ್ದದ ಕ್ಯಾಮೆರಾ ಹೊತ್ತವರು. ಎಲ್ಲರೂ ಬರುತ್ತಿದ್ದದ್ದು ಮಂಗೋಲಿಯಾದಿಂದ ಹಿಮಾಲಯ ದಾಟಿ ಬಂದ ಬಾತುಗಳನ್ನು ನೋಡಲು. ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಹಗಲೆಲ್ಲ ಕೆರೆಯ ನಡುವೆ ತೂಕಡಿಸುತ್ತ ತೇಲುವ ಅವು ಕತ್ತಲಾದ ಮೇಲೆ ಹೊಲಗದ್ದೆಗೆ ಇಳಿದು ಮೇಯುತ್ತವೆ. ಬಂದವರಿಗೆ ತೇಲುವುದಷ್ಟೇ ಕಾಣುತ್ತಿತ್ತು. ಊರಿನವರಿಗೆ ಮೇಯುವುದಷ್ಟೇ.

ಕೆರೆಯಂಚಿಗೆ ಸಣ್ಣತಾಯಮ್ಮನ ಗಂಡ ಚಿಕ್ಕಸ್ವಾಮಿಯ ಒಂದೆಕರೆ ಹೊಲವಿತ್ತು. ಈ ಸಲ ಹುರುಳಿ ಚೆಲ್ಲಿದ್ದರು. ಅರ್ಧಕ್ಕರ್ಧ ಬಾತಿನ ಹೊಟ್ಟೆ ಸೇರಿತ್ತು. ಅದನ್ನು ಹೇಗಾದರೂ ತಡೆದುಕೊಳ್ಳಬಹುದು. ಆದರೆ ಏರಿಯ ಮೇಲೆ ಟೀ ಅಂಗಡಿ ಇಟ್ಟ ಶಿವಮೂರ್ತಿ ಇನ್ನೊಂದು ಸುದ್ದಿ ಹಬ್ಬಿಸಿದ್ದ.

"ಕೆರೆನ ಪಕ್ಷಿಧಾಮ ಮಾಡ್ತಾರಂತೆ ಕಣಕ್ಕ. ಸುತ್ತ ಬೇಲಿ ಬತ್ತದಂತೆ. ಆಮೇಕೆ ಅಂಚಿನಲ್ಲಿರೋ ಒಲಕ್ಕೆಲ್ಲ ನಾಮವೇ. ಈ ಭಾನುವಾರದ ಜನ ಸುಮ್ಕೆ ಬತ್ತಾರೆ ಅಂದ್ಕಂಡ್ಯಾ? ಅಳತೆಗೆ ಬತ್ತಾರೆ."

ಅಂದಿನಿಂದ ಸಣ್ಣತಾಯಮ್ಮನಿಗೆ ಏರಿಯ ಮೇಲೆ ಯಾರು ಫೋನು ಎತ್ತಿದರೂ ಹೊಲ ಅಳೆದಂತೆಯೇ ಕಾಣುತ್ತಿತ್ತು.

ಬಿಸಿಲೇರುವ ಹೊತ್ತಿಗೆ ಟೋಪಿಯ ಹೆಂಗಸು ಹಟ್ಟಿಗೇ ಬಂದಳು. ನಲವತ್ತರ ಆಜುಬಾಜು, ಒಬ್ಬಳೇ.

"ಅಮ್ಮ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?"

ಬೆನ್ನಿನ ಚೀಲದ ಪಕ್ಕದಲ್ಲಿ ನೀರಿನ ಬಾಟಲಿ ಸಿಕ್ಕಿಸಿಕೊಂಡಿದ್ದಳು. ಅದು ಮುಕ್ಕಾಲು ತುಂಬಿತ್ತು. ಸಣ್ಣತಾಯಮ್ಮ ಅದನ್ನು ನೋಡಿಯೂ ನೋಡದಂತೆ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಹೆಂಗಸು ಒಂದು ಗುಟುಕು ಕುಡಿದಳು, ಅಷ್ಟೆ. ಕಣ್ಣು ಮಾತ್ರ ಕೊಟ್ಟಿಗೆಯ ಮೂಲೆಮೂಲೆ ತಡಕುತ್ತಿತ್ತು.

"ಕೋಳಿ ಸಾಕಿದ್ದೀರಾ?"

"ಇಲ್ಲ."

"ಆ ಹಿಂದೆ ಕಾಣ್ತಿರೋ ಸಣ್ಣ ರೂಮು?"

"ಪಂಪ್‌ಸೆಟ್ ಮನೆ. ಬಾವಿ ಬತ್ತಿ ಏಳೆಂಟು ವರ್ಸ ಆಯ್ತು. ಅಲ್ಲೇನದೆ, ಆವು ಚೇಳು. ಯಾಕ್ ಕೇಳ್ತಿದ್ದೀರಿ?"

"ಸುಮ್ಮನೆ ಕೇಳ್ದೆ." ಅವಳು ಫೋನಿನ ಕಡೆ ಇನ್ನೊಮ್ಮೆ ನೋಡಿ, ಚೊಂಬನ್ನು ಜಗಲಿಯ ಮೇಲಿಟ್ಟು ಹೊರಟುಹೋದಳು.

ಮಧ್ಯಾಹ್ನ ಮುದ್ದೆ ಮುರಿಯುತ್ತಿದ್ದ ಗಂಡನಿಗೆ ಸಣ್ಣತಾಯಮ್ಮ ಇದನ್ನು ಹೇಳಿದಳು. ಬೇರೆ ದಿನವಾಗಿದ್ದರೆ ಚಿಕ್ಕಸ್ವಾಮಿ ಭಾನುವಾರದ ಜನಕ್ಕೆಲ್ಲ ಸೇರಿಸಿ ಮಂಗಳಾರತಿ ಎತ್ತುತ್ತಿದ್ದ. ಇವತ್ತು ಅವನ ಕೈ ತುತ್ತಿನ ಸಮೇತ ನಿಂತುಬಿಟ್ಟಿತು.

"ಒಳಕ್ಕೆ ಬಂದ್ಲಾ?"

"ಇಲ್ಲ. ಇತ್ಲ ಕಡೆ ನೋಡ್ತಿದ್ಲು. ಪಂಪ್‌ಸೆಟ್ ಮನೆ ಯಾವುದು ಅಂತ ಕೇಳುದ್ಲು."

"ನೀ ಏನಂದೆ?"

"ಏನನ್ನನ? ಪಂಪ್‌ಸೆಟ್ ಮನೆ ಅಂದೆ."

"ಇನ್ಮ್ಯಾಲೆ ಯಾರ್ನೂ ಅಟ್ಟಿ ಒಳಕ್ಕೆ ಬಿಡ್‌ಬ್ಯಾಡ," ಎಂದವನೇ ಅರ್ಧ ಮುದ್ದೆ ಬಿಟ್ಟು ಎದ್ದು ಕೈ ತೊಳೆದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಮುದ್ದೆ ಬಿಟ್ಟೆದ್ದದ್ದನ್ನು ಅವಳು ನೋಡಿದ್ದೇ ಕಡಿಮೆ.

ಅಲ್ಲಿಂದ ಅವಳ ಅನುಮಾನ ಟೋಪಿಯವಳನ್ನು ಬಿಟ್ಟು ಮನೆಯೊಳಕ್ಕೇ ತಿರುಗಿತು. ಮೂರು ದಿನದಿಂದ ಕಣ್ಣಿಗೆ ಬಿದ್ದರೂ ಮನಸ್ಸಿಗೆ ತೆಗೆದುಕೊಂಡಿರದ ಸಂಗತಿಗಳೆಲ್ಲ ಒಂದೊಂದಾಗಿ ಎದ್ದು ನಿಂತವು. ನೆನೆಹಾಕಿದ್ದ ಹುರುಳಿ ಪಾತ್ರೆಯಲ್ಲಿ ಕಡಿಮೆಯಾಗಿತ್ತು. ಬಟ್ಟೆ ಒಗೆಯುವ ನೀಲಿ ಬೇಸಿನ್ನು ಕಾಣದಾಗಿ, ಕೇಳಿದ್ದಕ್ಕೆ "ನಂಗೇನ್ ಗೊತ್ತು" ಎಂದಿದ್ದ. ಅವನ ಹಳೇ ಪಂಚೆಯೊಂದು ಹಗ್ಗದ ಮೇಲಿರಲಿಲ್ಲ. ಸಂಜೆ ಕಂಬಳಿ ಕೊಡವಲು ಹೋದಾಗ ಅದರ ಮಡಿಕೆಯಿಂದ ಬೂದುಬಣ್ಣದ ಒಂದು ಪುಕ್ಕ ಉದುರಿತು.

ಅವಳು ಆ ಪುಕ್ಕವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಬಾತು ಹಿಡಿದು ಹೈವೇ ಬದಿಯ ಹೋಟೆಲುಗಳಿಗೆ ಕೊಡುವವರಿದ್ದಾರೆ ಎಂದು ಊರಲ್ಲಿ ಮಾತಿತ್ತು. ಟೀ ಅಂಗಡಿಯ ಮುಂದೆ ಹತ್ತು ಜನರ ಎದುರು "ಈ ಬಾತುಗಳಿಗೆ ವಿಸ ಆಕ್ಲಿಲ್ಲ ಅಂದ್ರೆ ನಾನು ನಮ್ಮಪ್ಪನ ಮಗನೇ ಅಲ್ಲ" ಎಂದು ಚಿಕ್ಕಸ್ವಾಮಿ ಕೂಗಾಡಿದ್ದೂ ಹೋದ ವಾರವೇ. ಕೂಗುವವನು ಮಾಡುವುದಿಲ್ಲ ಎಂದು ಅವಳು ನಂಬಿದ್ದಳು. ಆದರೆ ಆಮೇಲೆ ಅವನು ಒಮ್ಮೆಯೂ ಕೂಗಿರಲಿಲ್ಲ ಎಂಬುದು ಈಗ ಹೊಳೆಯಿತು.

ಮರುದಿನ ಸೋಮವಾರ. ಭಾನುವಾರದ ಜನ ಸೋಮವಾರ ಬರುವುದಿಲ್ಲ. ಆದರೂ ಹತ್ತು ಗಂಟೆಗೆ ಏರಿಯ ಮೇಲೆ ಒಂದು ಸ್ಕೂಟರು ನಿಂತಿತು. ಅದೇ ಟೋಪಿ. ಈ ಸಲ ಅವಳು ನೇರ ಹಟ್ಟಿಗೆ ನಡೆದು ಬಂದಳು. ಚಿಕ್ಕಸ್ವಾಮಿ ಡೈರಿಗೆ ಹೋಗಿದ್ದ.

"ಅಮ್ಮ, ನಿನ್ನೆ ನಾನು ಸುಳ್ಳು ಹೇಳಿ ನೀರು ಕೇಳ್ದೆ. ತಪ್ಪಾಯ್ತು," ಎಂದಳು. "ನನ್ನ ಹೆಸರು ಪ್ರಿಯಂವದಾ. ಮೈಸೂರಿನ ಕಾಲೇಜಲ್ಲಿ ಪಾಠ ಮಾಡ್ತೀನಿ. ಈ ಬಾತುಗಳಲ್ಲಿ ಒಂದರ ಕೊರಳಿಗೆ ಹಸಿರು ಪಟ್ಟಿ ಇದೆ. ಅದರಲ್ಲಿ ಒಂದು ಸಣ್ಣ ಯಂತ್ರ. ಬಿಸಿಲು ಬಿದ್ದರೆ ಅದು ತಾನೆಲ್ಲಿದ್ದೀನಿ ಅಂತ ಸುದ್ದಿ ಕಳಿಸುತ್ತೆ. ದಿನಾ ಕೆರೆಯಿಂದ ಬರ್ತಿತ್ತು. ಗುರುವಾರದಿಂದ ಇಲ್ಲಿಂದ ಬರ್ತಿದೆ."

"ಇಲ್ಲಿಂದ ಅಂದ್ರೆ?"

"ನಿಮ್ಮ ಮನೆಯಿಂದ."

ಪ್ರಿಯಂವದಾ ಫೋನು ಮುಂದೆ ಹಿಡಿದಳು. ಅದರಲ್ಲಿ ಆಕಾಶದಿಂದ ನೋಡಿದಂತೆ ಕೆರೆ, ಏರಿ, ಅವರ ಹೆಂಚಿನ ಮಾಡು. ಮಾಡಿನ ಸುತ್ತ ಒತ್ತೊತ್ತಾಗಿ ನಾಲ್ಕು ಕೆಂಪು ಚುಕ್ಕೆಗಳು.

"ಅದೂ ದಿನಕ್ಕೊಂದೇ ಸಲ. ಮಧ್ಯಾಹ್ನ ಹನ್ನೆರಡರಿಂದ ಒಂದು ಗಂಟೆ ಒಳಗೆ. ಕತ್ತಲೆ ಜಾಗದಲ್ಲಿದೆ, ಮಧ್ಯಾಹ್ನ ಮಾತ್ರ ಎಲ್ಲಿಂದಲೋ ಬಿಸಿಲು ಬೀಳುತ್ತೆ ಅನ್ಸುತ್ತೆ."

ಪಂಪ್‌ಸೆಟ್ ಮನೆಯ ಮಾಡಿನಲ್ಲಿ ಒಂದು ಹೆಂಚು ಒಡೆದು ಎರಡು ವರ್ಷವಾಗಿತ್ತು. ನಡುಹಗಲಿಗೆ ಆ ಕಿಂಡಿಯಿಂದ ಒಂದು ಮೊಳ ಬಿಸಿಲು ನೆಲಕ್ಕೆ ಬೀಳುತ್ತದೆಂಬುದು ಸಣ್ಣತಾಯಮ್ಮನಿಗೆ ಗೊತ್ತಿತ್ತು. ಆದರೆ ಅವಳ ನಾಲಿಗೆ ಬೇರೆಯದನ್ನೇ ಹೇಳಿತು.

"ನಾಯಿ ಗೀಯಿ ಕಚ್ಕಂಡ್ ಬಂದಿರ್ಬೈದು. ಮೆದೆ ಒಳಗೆ ಬಿದ್ದಿದ್ರೆ ನೋಡ್ತೀನಿ. ನೀವೀಗ ಓಗಿ. ಗಂಡಸರು ಇಲ್ದೇ ಇರೋವಾಗ ಅಟ್ಟಿ ಉಡ್ಕುದ್ರೆ ಚೆನ್ನಾಗಿರಾಕಿಲ್ಲ."

ಪ್ರಿಯಂವದಾ ಅವಳ ಮುಖವನ್ನೇ ನೋಡಿದಳು. ನಂಬಲಿಲ್ಲವೆಂಬುದು ಮುಖದಲ್ಲೇ ಇತ್ತು. ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದುಕೊಟ್ಟು, "ನಾನು ಇನ್ನೂ ಯಾರಿಗೂ ಹೇಳಿಲ್ಲ. ನಾಳೆವರೆಗೆ ಹೇಳೋದಿಲ್ಲ," ಎಂದು ಹೋದಳು. ಅದು ಬೆದರಿಕೆಯೋ ಭರವಸೆಯೋ ಸಣ್ಣತಾಯಮ್ಮನಿಗೆ ತಿಳಿಯಲಿಲ್ಲ.

ಸ್ಕೂಟರಿನ ಸದ್ದು ಅಡಗಿದ್ದೇ ತಡ, ಅವಳು ಹಿತ್ತಿಲಿಗೆ ನಡೆದಳು. ಪಂಪ್‌ಸೆಟ್ ಮನೆಗೆ ಬೀಗ ಬಿದ್ದಿತ್ತು. ಹಾವು ಚೇಳಿನ ಮನೆಗೆ ಬೀಗ! ಬಾಗಿಲ ಸಂದಿಗೆ ಕಿವಿ ಇಟ್ಟಳು. ಒಳಗಿನಿಂದ ಬುಸ್ಸೆಂಬ ಸದ್ದು. ಬೆಚ್ಚಿ ಹಿಂದೆ ಸರಿದವಳು, ಆಮೇಲೆ ಕುಡುಗೋಲು ತಂದು ಅದರ ಹಿಡಿಯಿಂದ ಮೀಟಿದಳು. ಗೆದ್ದಲು ಹಿಡಿದ ಚೌಕಟ್ಟಿನಿಂದ ಚಿಲಕ ಬೀಗದ ಸಮೇತ ಕಿತ್ತು ಬಂತು.

ಹುಲ್ಲಿನ ಮೇಲೆ ಬಾತು ಕುಳಿತಿತ್ತು. ಜೀವಂತ. ಅದು ಕತ್ತು ನೀಳ ಮಾಡಿ, ಕೊಕ್ಕು ತೆರೆದು, ಅವಳ ಕಡೆಗೆ ಬುಸುಗುಟ್ಟಿತು. ಕೊರಳಲ್ಲಿ ಹಸಿರು ಪಟ್ಟಿ. ಒಂದು ರೆಕ್ಕೆಯನ್ನು ಹರಿದ ಪಂಚೆಯಿಂದ ಮೈಗೆ ಸೇರಿಸಿ ಅಚ್ಚುಕಟ್ಟಾಗಿ ಕಟ್ಟಿತ್ತು. ಮುಂದೆ ನೀಲಿ ಬೇಸಿನ್ನಿನಲ್ಲಿ ನೀರು. ಹಾಳೆ ತಟ್ಟೆಯಲ್ಲಿ ನೆನೆದ ಹುರುಳಿ.

ಸಣ್ಣತಾಯಮ್ಮ ಅಲ್ಲೇ ಹೊಸಿಲ ಮೇಲೆ ಕೂತಳು. ಕೊಂದು ಮಾರಲಿಲ್ಲವಲ್ಲ ಎಂದು ಸಮಾಧಾನಪಡಬೇಕೋ, ತನ್ನಿಂದ ಮುಚ್ಚಿಟ್ಟನಲ್ಲ ಎಂದು ಉರಿಯಬೇಕೋ ತಿಳಿಯದೆ ಕೂತೇ ಇದ್ದಳು. ಡೈರಿಯಿಂದ ಬಂದ ಚಿಕ್ಕಸ್ವಾಮಿ ಅವಳನ್ನು ಅಲ್ಲಿಯೇ ಕಂಡ.

"ಬೀಗ ಯಾಕ್ ಮುರುದೆ?" ಎಂದ, ದನಿಯಲ್ಲಿ ಜೋರಿಲ್ಲದೆ.

"ಬೀಗ ಯಾಕ್ ಆಕ್ದೆ ಅದ್ನ ಮೊದ್ಲು ಯೋಳು."

ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ಬುಧವಾರ ಬೆಂಗ್ಳೂರಿಂದ ಯಾರೋ ಎಲ್ಡು ಜನ ಬಂದು ಆಟದ ಇಮಾನ ಆರಿಸ್ತಿದ್ರು. ಅದೇ ಗುಂಯ್ ಅನ್ನೋದು. ಬಾತುಗಳೆಲ್ಲ ಗಾಬರಿಬಿದ್ದು ಎದ್ವು. ಇದುಕ್ಕೆ ಅದು ಬಡೀತು. ನಮ್ ಒಲದಲ್ಲಿ ಬಿತ್ತು."

"ಬುಧವಾರ ಯಾರು ಬಂದಿದ್ರು? ನಾ ಕಾಣೆ."

"ಬಂದಿದ್ರು ಕಣಮ್ಮಿ. ನೀ ಆಲು ಕರೀತಿದ್ದೆ."

ಸಣ್ಣತಾಯಮ್ಮ ಎದ್ದು ಬಾತಿನ ಹತ್ತಿರ ಹೋದಳು. ಅದು ಸೆರಗನ್ನು ಕುಕ್ಕಿ ಹಿಡಿಯಿತು. ಬಿಡಿಸಿಕೊಂಡು, ಕಟ್ಟಿನ ಅಂಚನ್ನು ಮೆಲ್ಲಗೆ ಎತ್ತಿ ನೋಡಿದಳು. ರೆಕ್ಕೆಯ ಗಿಣ್ಣಿನ ಮೇಲೆ ಒಂದೇ ಕಡೆ, ಗೋಲಿಯಷ್ಟಗಲ ಕಪ್ಪುಗಟ್ಟಿದ ಪೆಟ್ಟು. ಮೇಲಿನ ತೊಲೆಯ ಮೊಳೆಗೆ ಚಿಕ್ಕಸ್ವಾಮಿಯ ಕವಣೆ ನೇತುಬಿದ್ದಿತ್ತು. ಹೊಲ ಕಾಯುವಾಗ ಸೊಂಟದಿಂದ ಇಳಿಯದ ಕವಣೆ.

"ಪವಿತ್ರನಪ್ಪ," ಎಂದಳು ಮಗಳ ಹೆಸರು ಹಿಡಿದು, "ನನ್ ಮೊಕ ನೋಡ್ಕಂಡ್ ಯೋಳು."

ಅವನು ನೆಲ ನೋಡಿದ. "ಗುರುವಾರ ಬೆಳಗಿನ ಜಾವ ಎಬ್ಸಣ ಅಂತ ಬೀಸ್ದೆ. ಮೂವತ್ತು ವರ್ಸದಿಂದ ಬೀಸ್ತಾ ಇವ್ನಿ, ಒಂದ್ ಕಾಗೆಗೂ ತಾಗ್ಲಿಲ್ಲ. ಅವತ್ತೇ ತಾಗಬೇಕಾ? ಅತ್ರ ಓಗಿ ನೋಡುದ್ರೆ ಕೊರಳಲ್ಲಿ ಈ ಪಟ್ಟಿ. ಸರ್ಕಾರದ್ ಬಾತು ಅನ್ಕಂಡೆ. ಸಾಯ್‌ಸಾಕೂ ಮನ್ಸ್ ಬರ್ನಿಲ್ಲ, ಬಿಟ್ಬುಡಾಕೂ ದೈರ್ಯ ಬರ್ನಿಲ್ಲ. ಊರೆಲ್ಲ ಕೇಳೋ ಅಂಗೆ ವಿಸ ಆಕ್ತೀನಿ ಅಂದಿವ್ನಿ. ನಾ ತಪ್ಪಿ ತಾಗ್ತು ಅಂದ್ರೆ ಯಾರ್ ನಂಬ್ತಾರೆ? ನೀನೇ ನಂಬ್‌ತಿದ್ಯಾ?"

ನಿನ್ನೆಯಿಂದ ಅವಳು ಅವನನ್ನು ನಂಬಿರಲಿಲ್ಲ.

"ಕರುಗೆ ಕಾಲ್ ಮುರುದ್ರೆ ಕಟ್ಟೋ ಅಂಗೆ ಕಟ್ಟಿವ್ನಿ," ಎಂದು ಅವನು ಮೆಲ್ಲಗೆ ಸೇರಿಸಿದ. "ಮೊದ್ಲೆಲ್ಡು ದಿನ ಏನೂ ತಿನ್ನಿಲ್ಲ. ಮೊನ್ನೆಯಿಂದ ತಿಂತದೆ."

ಮಧ್ಯಾಹ್ನ ಹೆಂಚಿನ ಕಿಂಡಿಯಿಂದ ಬಿಸಿಲು ಇಳಿದು ಬಾತಿನ ಕೊರಳ ಮೇಲೆ ಬಿತ್ತು. ಈಗ ಆ ಯಂತ್ರ ಮೈಸೂರಿಗೆ ಸುದ್ದಿ ಕಳಿಸುತ್ತಿರಬೇಕು. ಚಿಕ್ಕಸ್ವಾಮಿ ಪಟ್ಟಿ ಕತ್ತರಿಸಿ ಕೆರೆಗೆ ಎಸೆಯೋಣವೆಂದ. "ಎಸುದ್ರೆ ಅದು ಕಳ್ತನ ಆಯ್ತದೆ," ಎಂದು ಅವಳು ಒಪ್ಪಲಿಲ್ಲ. ಜಗಲಿಯ ಮೇಲೆ ಕೂತು ಚೀಟಿಯ ನಂಬರು ಒತ್ತಿದಳು. ಆದರೆ ಮೊದಲೇ ಬಾಯಿ ಬಿಡುವ ಹೆಂಗಸಲ್ಲ ಅವಳು.

"ಮೇಡಮ್ಮೋರೆ, ಒಂದ್ ಮಾತ್ ಕೇಳ್ತೀನಿ. ಯಾರ್ದೋ ಮನೇಲಿ ಆ ಬಾತು ಇದ್ರೆ, ಆ ಮನೆಯವರ್ನ ಏನ್ ಮಾಡ್ತಾರೆ?"

"ಜೀವ ಇದೆಯಾ?"

ಕಳ್ಳ ಯಾರು ಎಂದು ಕೇಳದೆ ಜೀವ ಇದೆಯಾ ಎಂದಳು. ಸಣ್ಣತಾಯಮ್ಮನ ಮನಸ್ಸಿನ ಭಾರ ಕೊಂಚ ಇಳಿಯಿತು. ಮರುಗಳಿಗೆಯೇ, ಹಾಗೆ ಕೇಳಿದರೆ ನಾನು ಬಾಯಿ ಬಿಡುತ್ತೇನೆಂದೇ ಕೇಳಿರಬಹುದಲ್ಲ ಎನ್ನಿಸಿತು.

"ನಾ ಕೇಳಿದ್ದುಕ್ಕೆ ಯೋಳಿ."

"ಕೊಂದರೆ ಜೈಲು. ಗಾಯ ಆಗಿದ್ದನ್ನ ಕಾಪಾಡಿ ಒಪ್ಪಿಸಿದರೆ ಏನೂ ಆಗಬಾರದು. ಆದರೆ ಆಗೋದೇ ಇಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತೆ ಅಮ್ಮ. ನನ್ನ ಕೈಲಿ ಇರೋದು ನಾನು ಬರೆಯೋ ವರದಿ ಮಾತ್ರ."

ಆಗುವುದೇ ಇಲ್ಲ ಎಂದಿದ್ದರೆ ಸಣ್ಣತಾಯಮ್ಮ ಫೋನಿಡುತ್ತಿದ್ದಳು. "ಒಬ್ಳೇ ಬನ್ನಿ," ಎಂದಳು. "ಪೋಟಾ ಗೀಟಾ ತೆಗೀಬ್ಯಾಡಿ."

ಮೂರು ಗಂಟೆಗೆ ಪ್ರಿಯಂವದಾ ಬಂದಳು. ಹಟ್ಟಿಯ ಬಾಗಿಲಲ್ಲಿ ನಿಂತು ಒಳಗೆ ಕಾಲಿಡಲು ಹಿಂದೆಮುಂದೆ ನೋಡಿದಳು. ಅವಳಿಗೂ ಭಯವಿತ್ತು. ಗೊತ್ತಿಲ್ಲದ ಊರು, ಗೊತ್ತಿಲ್ಲದ ಮನೆ, ಬಾಗಿಲಲ್ಲಿ ಮಾತಾಡದೆ ನಿಂತ ಗಂಡಸು. ಅದನ್ನು ಕಂಡು ಸಣ್ಣತಾಯಮ್ಮ ತಾನೇ ಮುಂದೆ ನಡೆದು ಪಂಪ್‌ಸೆಟ್ ಮನೆಯ ಬಾಗಿಲನ್ನು ಹಾರುಹೊಡೆದಳು.

ಬಾತನ್ನು ನೋಡಿ ಪ್ರಿಯಂವದಾ ಮಂಡಿಯೂರಿ ಕೂತಳು. ಕಟ್ಟನ್ನು ಬಿಚ್ಚದೆ ಮುಟ್ಟಿ ನೋಡಿ, "ಯಾರು ಕಟ್ಟಿದ್ದು? ಚೆನ್ನಾಗಿ ಕಟ್ಟಿದ್ದಾರೆ," ಎಂದಳು. ಚಿಕ್ಕಸ್ವಾಮಿ ಕೆಮ್ಮಿದ. ಆಮೇಲೆ ಅವಳ ಕಣ್ಣು ಪೆಟ್ಟಿನ ಮೇಲೆ ನಿಂತಿತು. ಅಲ್ಲಿಂದ ತೊಲೆಯ ಮೇಲಿನ ಕವಣೆಗೆ ಹೋಯಿತು. ಅದನ್ನು ತೆಗೆದಿಡಬೇಕೆಂದು ಗಂಡಹೆಂಡಿರಿಬ್ಬರಿಗೂ ಹೊಳೆದಿರಲಿಲ್ಲ.

ಬಾತು ಬುಸುಗುಟ್ಟುತ್ತಿತ್ತು.

"ನನ್ ಕೈ ತಪ್ತು," ಎಂದ ಚಿಕ್ಕಸ್ವಾಮಿ, ಯಾರೂ ಕೇಳದೆಯೇ. "ಎಬ್ಸಾಕೆ ಬೀಸ್ದೆ. ಉಳ್ಳಿ ತಿಂತಾ ಇದ್ವು."

ಪ್ರಿಯಂವದಾ ಎದ್ದು ಹೊರಗೆ ಬಂದು ಹುರುಳಿ ಹೊಲವನ್ನು ನೋಡಿದಳು. ಕೆರೆಯ ಕಡೆಯ ಅರ್ಧ ಬೋಳಾಗಿತ್ತು, ನೆಲವೆಲ್ಲ ಬಾತಿನ ಹಿಕ್ಕೆ. ಮೂರು ವರ್ಷದಿಂದ ಪ್ರತಿ ಚಳಿಗಾಲಕ್ಕೂ ಬರುತ್ತಿದ್ದವಳು ಇಲ್ಲಿನ ಹೊಲವೊಂದನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು ಎಂದಳು. ಸಣ್ಣತಾಯಮ್ಮ ರಾಗಿ ತುಂಬುವ ಕುಕ್ಕೆ ಕೊಟ್ಟಳು. ಬಾತನ್ನು ಅದರಲ್ಲಿಟ್ಟು, ಮೇಲೆ ಗೋಣಿ ಹೊಲಿದು, ಸ್ಕೂಟರಿನ ಮುಂದೆ ಇಟ್ಟು ಕಳಿಸಿದರು.

ಹನ್ನೆರಡು ದಿನ ಏನೂ ಸುದ್ದಿಯಿಲ್ಲ. ಏರಿಯ ಮೇಲೆ ಯಾವ ಜೀಪು ನಿಂತರೂ ಚಿಕ್ಕಸ್ವಾಮಿ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದ. ಹದಿಮೂರನೆಯ ದಿನ ಭಾನುವಾರ, ಪ್ರಿಯಂವದಾ ಬಂದಳು. ಬಾತಿಗೆ ಮೂಳೆ ಕೂಡುತ್ತಿದೆ, ಆದರೆ ಈ ವರ್ಷ ಹಿಂಡಿನ ಜೊತೆ ಹೊರಡಲಾರದು, ಮುಂದಿನ ಚಳಿಗಾಲದವರೆಗೆ ಮೈಸೂರಿನಲ್ಲೇ ಡಾಕ್ಟರ ಹತ್ತಿರ ಇರುತ್ತದೆ ಎಂದಳು. ತಾನು ಬರೆದ ವರದಿಯನ್ನು ಫೋನಿನಲ್ಲಿ ಓದಿ ಹೇಳಿದಳು: ಗಾಯಗೊಂಡ ಹಕ್ಕಿ ಹೊಲದಲ್ಲಿ ಸಿಕ್ಕಿತು, ರೈತ ದಂಪತಿ ಉಪಚರಿಸಿ ಒಪ್ಪಿಸಿದರು.

ಚಿಕ್ಕಸ್ವಾಮಿ ಕೈ ಮುಗಿದ. ಸಣ್ಣತಾಯಮ್ಮ ಮುಗಿಯಲಿಲ್ಲ. ಇಷ್ಟು ಸಲೀಸಾಗಿ ಒಳ್ಳೆಯದಾದರೆ ಅವಳಿಗೆ ಸಮಾಧಾನವಾಗುವುದಿಲ್ಲ.

"ಮೇಡಮ್ಮೋರೆ, ಇನ್ನೊಂದ್ ಮಾತು. ಕೆರೆನ ಪಕ್ಷಿಧಾಮ ಮಾಡಿ ನಮ್ ಒಲಕ್ಕೆ ಬೇಲಿ ಆಕ್ತಾರಂತೆ. ಅದ್ರಲ್ಲಿ ನೀವೂ ಇದ್ದೀರಾ?"

ಮಜ್ಜಿಗೆಯ ಲೋಟ ಪ್ರಿಯಂವದಾಳ ಬಾಯಿಯ ಹತ್ತಿರವೇ ನಿಂತಿತು. ಅವಳು ಅದನ್ನು ಕೆಳಗಿಟ್ಟಳು.

"ಒಂದು ಅರ್ಜಿ ಹೋಗಿದೆ. ಕೆರೆಯನ್ನ ರಕ್ಷಿಸಿ ಅಂತ. ನಾನೂ ಸಹಿ ಮಾಡಿದ್ದೀನಿ."

"ಸುತ್ತಲ ಒಲ?"

"ಅದರಲ್ಲಿ ಸುತ್ತ ನೂರು ಮೀಟರ್ ಅಂತ ಇತ್ತು. ಆ ನೂರು ಮೀಟರಲ್ಲಿ ಏನಿದೆ ಅಂತ ನಾನು ನೋಡ್ಲಿಲ್ಲ ಅಮ್ಮ."

ಚಿಕ್ಕಸ್ವಾಮಿ ಎದ್ದು ನಿಂತುಬಿಟ್ಟ. ಶಿವಮೂರ್ತಿ ಹೇಳಿದ್ದು ಸುಳ್ಳಾಗಿರಲಿಲ್ಲ. ಸಣ್ಣತಾಯಮ್ಮನಿಗೆ ಸಿಟ್ಟು ಬಂತು; ಅದರ ಜೊತೆಗೇ, ತಾನು ಅನುಮಾನಪಟ್ಟದ್ದು ಬರೀ ಹುಚ್ಚಲ್ಲವೆಂಬ ಒಂದು ಬಗೆಯ ಗಟ್ಟಿತನವೂ ಬಂತು. ಅವಳು ಗಂಡನಿಗೆ ಕೂತುಕೊಳ್ಳಲು ಹೇಳಿದಳು.

"ನೋಡ್ದೆ ಸಹಿ ಆಕುದ್ರಿ. ಈಗ ನೋಡುದ್ರಲ್ಲ? ಇನ್ನೊಂದು ಅರ್ಜಿ ಬರೀರಿ. ಇಲ್ಲೇ, ನನ್ ಮುಂದೆ."

ಪ್ರಿಯಂವದಾ ಚೀಲದಿಂದ ಹಾಳೆ ತೆಗೆದಳು. ಕೆರೆಯನ್ನು ಕಾಪಾಡಬೇಕು, ಆದರೆ ಪಹಣಿ ಇರುವ ಹೊಲಗಳನ್ನು ಗಡಿಯಿಂದ ಹೊರಗಿಡಬೇಕು, ಬಾತು ತಿಂದ ಬೆಳೆಗೆ ಪರಿಹಾರ ಕೊಡಬೇಕು. ಅರ್ಧ ಗಂಟೆ ಹಿಡಿಯಿತು. ಹೊಲ ಕಾಯಲು ಕಲ್ಲಿನ ಬದಲು ತಮಟೆ ಹೊಡೆಯುತ್ತೇವೆ ಎಂದು ಸೇರಿಸಿ ಎಂದ ಚಿಕ್ಕಸ್ವಾಮಿ. ಅದನ್ನೂ ಬರೆದಳು. ಎರಡು ಸಲ ಓದಿ ಹೇಳಿದಳು.

ಸಣ್ಣತಾಯಮ್ಮ ಹಾಳೆ ಇಸಿದುಕೊಂಡು, "ವಸಿ ಕೂತ್ಕಂಡಿರಿ," ಎಂದು ಹೊರಗೆ ನಡೆದಳು. ಮೂರನೆಯ ಮನೆ ಅಂಗನವಾಡಿ ಟೀಚರ್ ವನಜಾಕ್ಷಿಯದು.

"ವನಜಾಕ್ಷಿ, ಇದ್ನ ಓದು. ಇರೋದ್ನ ಇರೋ ಅಂಗೇ ಓದು."

ವನಜಾಕ್ಷಿ ಓದಿದಳು. ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಪ್ರಿಯಂವದಾ ಓದಿದ್ದೇ ಇತ್ತು. ತಮಟೆಯ ಮಾತೂ ಇತ್ತು. ಸಣ್ಣತಾಯಮ್ಮ ಅಲ್ಲೇ ಪೆನ್ನು ಕೇಳಿ, ಸಾಕ್ಷರತೆಯ ರಾತ್ರಿಶಾಲೆಯಲ್ಲಿ ಕಲಿತ ಅಕ್ಷರಗಳಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು. ಆಮೇಲೆ ಕೆರೆಯಂಚಿಗೆ ಹೊಲವಿದ್ದ ಹನ್ನೊಂದು ಮನೆಗಳ ಬಾಗಿಲು ತಟ್ಟಿ, ಎಲ್ಲರ ಸಹಿ ಹಾಕಿಸಿಕೊಂಡೇ ವಾಪಸು ಬಂದಳು. ಅಷ್ಟು ಹೊತ್ತೂ ಪ್ರಿಯಂವದಾ ಜಗಲಿಯ ಮೇಲೆ ಕಾದಿದ್ದಳು.

ಅರ್ಜಿಯನ್ನು ಅವಳ ಕೈಗೆ ಕೊಡದೆ ಸಣ್ಣತಾಯಮ್ಮ ತಾನೇ ಸೆರಗಿನೊಳಗೆ ಇಟ್ಟುಕೊಂಡಳು.

"ನಾಳೆ ನಂಜನಗೂಡಿಗೆ ನಾನೂ ಬತ್ತೀನಿ. ತಾಲ್ಲೂಕು ಆಪೀಸ್ನಲ್ಲಿ ಇಬ್ರೂ ಸೇರಿ ಕೊಡಣ. ಸೀಲ್ ಆಕ್ಸ್ಕಂಡು ಒಂದ್ ಜೆರಾಕ್ಸು ನನ್ ತಾವ ಇರ್ಲಿ."

"ಇನ್ನೂ ನನ್ನ ಮೇಲೆ ನಂಬಿಕೆ ಬಂದಿಲ್ಲ ಅಲ್ವಾ ಅಮ್ಮ?" ಎಂದಳು ಪ್ರಿಯಂವದಾ, ನಗುತ್ತಲೇ.

"ಬತ್ತಾ ಅದೆ," ಎಂದಳು ಸಣ್ಣತಾಯಮ್ಮ. "ನಂದು ಎಂಟೂವರೆ ಬಸ್ಸು. ನೀವ್ ತಡ ಮಾಡ್‌ಬ್ಯಾಡಿ."